ವಾಲ್ವ್ ಬಿಚ್ಚುವ ಮುಂಚೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ಇಲ್ಲಿ ಕೂತವರನ್ನು ನೋಡಿದರೆ ಕಂಪ್ಯೂಟರ್ ಇರುವ ಮನೆಗಿಂತ ಟ್ರ್ಯಾಕ್ಟರ್ ಇರುವ ಮನೆಗಳೇ ಹೆಚ್ಚು. ಅದಕ್ಕೆ ಟ್ರೈಲರ್ ಎತ್ತುವ ಹೈಡ್ರಾಲಿಕ್ ವಾಲ್ವಿನ ಬಗ್ಗೆ ಮಾತಾಡುತ್ತೇನೆ. ಸಮಿತಿಯವರು ಕ್ಷಮಿಸಬೇಕು.

2020ರ ಲಾಕ್‌ಡೌನ್‌ನಲ್ಲಿ ನಾನು ಊರಿಗೆ ಬಂದೆ. ಹಗಲು ಲ್ಯಾಪ್‌ಟಾಪ್, ಸಂಜೆ ಹೊಲ. ನಮ್ಮಣ್ಣ ಟ್ರೈಲರ್ ಎತ್ತಿ ನಿಲ್ಲಿಸಿ, ಕೆಳಗೆ ತೂರಿಕೊಂಡು ಗ್ರೀಸ್ ಹೊಡೆಯುತ್ತಿದ್ದ. ಇಂಜಿನ್ ಆಫ್ ಆಗಿತ್ತು. ನಾನು ಹತ್ತಿರದಲ್ಲೇ ಫೋನಿನಲ್ಲಿ ಮಾತಾಡುತ್ತಿದ್ದೆ. ಕಟಕಟ ಎಂದು ಸದ್ದು ಬಂತು. ತಿರುಗಿ ನೋಡಿದರೆ ಟ್ರೈಲರ್ ಇಳಿದು ಬಂದು ಊರೆಗೋಲಿನ ಮೇಲೆ ಕೂತಿದೆ. ಅಪ್ಪ ಜಾಲಿಮರದ ದಿಮ್ಮಿ ಕೊಯ್ಸಿ ಮಾಡಿಸಿದ ಊರೆಗೋಲು ಅದು. ಅದನ್ನು ಕೊಡದೆ ಕೆಳಗೆ ಹೋದರೆ ಅಪ್ಪ ಬೈಯುತ್ತಿದ್ದರು, ಅಷ್ಟಕ್ಕೇ ಅಣ್ಣ ಅದನ್ನು ಇಡುತ್ತಿದ್ದ. ಆ ದಿನ ಅವನು ಹೊರಗೆ ಬಂದು ಬೀಡಿ ಹಚ್ಚಲು ಮೂರು ಕಡ್ಡಿ ಗೀರಿದ.

ಮಕ್ಕಳಿಗೆ ಒಂದು ಮಾತು. ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಸಣ್ಣ ಸಿರಿಂಜು, ಒಂದು ದೊಡ್ಡ ಸಿರಿಂಜು ತಂದು, ನಡುವೆ ಡ್ರಿಪ್ಪಿನ ಪೈಪು ಹಾಕಿ, ನೀರು ತುಂಬಿ ಪ್ಯಾಸ್ಕಲನ ನಿಯಮ ತೋರಿಸಿದ್ದರು. ಸಣ್ಣದನ್ನು ಒಂದು ಬೆರಳಿನಲ್ಲಿ ಒತ್ತಿದರೆ ದೊಡ್ಡದನ್ನು ಹೆಬ್ಬೆರಳಲ್ಲೂ ತಡೆಯಲು ಆಗುತ್ತಿರಲಿಲ್ಲ. ಫ್ರಾನ್ಸಿನ ಪ್ಯಾಸ್ಕಲ್ ಇದನ್ನು ಹೇಳಿದ್ದು ಹದಿನೇಳನೆಯ ಶತಮಾನದಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ತ್ವದ ಮೇಲೆ ಒತ್ತುಯಂತ್ರ ಮಾಡಿ ಪೇಟೆಂಟ್ ಪಡೆದದ್ದು 1795ರಲ್ಲಿ. ಟ್ರೈಲರಿನ ಜಾಕೂ ಅದೇ. ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡದ ಎಣ್ಣೆ 10 ಸೆಂ.ಮೀ. ಅಗಲದ ಜಾಕಿಗೆ ನುಗ್ಗಿದರೆ ಹನ್ನೊಂದೂವರೆ ಟನ್ನಿಗೂ ಹೆಚ್ಚಿನ ಬಲ. ಲೆಕ್ಕ ಹಾಕಿ ನೋಡಿ, ವೃತ್ತದ ವಿಸ್ತೀರ್ಣ ನಿಮಗೆ ಬರುತ್ತದೆ.

ಆ ಬಲವನ್ನೆಲ್ಲ ಆಳುವುದು ಸೀಟಿನ ಪಕ್ಕದ ಒಂದು ಲಿವರ್. ಲಿವರಿನ ತುದಿಗೆ ವಾಲ್ವ್, ವಾಲ್ವಿನೊಳಗೆ ಒಂದು ಉಕ್ಕಿನ ಕಡ್ಡಿ. ಅದಕ್ಕೆ ಸ್ಪೂಲ್ ಎನ್ನುತ್ತಾರೆ. ಅದು ಆಚೆ ಸರಿದರೆ ಎಣ್ಣೆ ಜಾಕಿಗೆ, ಈಚೆ ಸರಿದರೆ ಜಾಕಿನಿಂದ ಟ್ಯಾಂಕಿಗೆ, ನಡುವೆ ನಿಂತರೆ ದಾರಿ ಬಂದ್. ಸ್ಪೂಲಿಗೂ ಅದು ಓಡಾಡುವ ತೂತಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಡಿಮೆ, ಕೆಲವೇ ಮೈಕ್ರಾನ್. ಎಣ್ಣೆಯನ್ನು ಒಳಗೆ ತಡೆಯುವುದು ಆ ಕಿರಿದಾದ ಸಂದೇ ಹೊರತು ರಬ್ಬರ್ ಅಲ್ಲ. ಓ-ರಿಂಗ್ ಇರುವುದು ಎರಡು ತುದಿಗಳಲ್ಲಿ, ಎಣ್ಣೆ ಹೊರಗೆ ಜಿನುಗದಿರಲಿ ಎಂದು. ಹಾಗಾಗಿ ಒಳ್ಳೆಯ ವಾಲ್ವಿನಲ್ಲೂ ಒಂದಿಷ್ಟು ಎಣ್ಣೆ ಒಳಗೊಳಗೇ ಜಾರುತ್ತದೆ. ಭಾರ ಹಿಡಿಯಲೆಂದೇ ಕೆಲವು ವಾಲ್ವುಗಳಲ್ಲಿ ಬೇರೆ ಭಾಗ ಕೂರಿಸಿರುತ್ತಾರೆ. ಅದಿದ್ದರೂ ಊರೆಗೋಲು ಬೇಕೇ ಬೇಕು.

ಸರಿ, ನಾನು ಇಂಜಿನಿಯರ್ ಅಲ್ಲವೇ? ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಶುರುವನ್ನು ಚೆನ್ನಾಗಿಯೇ ಮಾಡಿದೆ. ನಮ್ಮ ಜಾಕು ಒಂದೇ ಕಡೆಯಿಂದ ಎಣ್ಣೆ ಕುಡಿಯುವಂಥದ್ದು. ಅದರ ಸೀಲು ಹೋಗಿದ್ದರೆ ಎಣ್ಣೆ ಹೊರಗೆ ಕಾಣಬೇಕು. ನೆಲ ಒಣಗಿತ್ತು, ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗಿರಲಿಲ್ಲ. ಅಂದಮೇಲೆ ಅದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿರಬೇಕು. ಖಾತ್ರಿ ಮಾಡಿಕೊಳ್ಳಲು, ಆ ಒತ್ತಡ ತಡೆಯುವ ಬಾಲ್ ವಾಲ್ವೊಂದನ್ನು ಜಾಕಿನ ಬುಡದಲ್ಲಿ ಹಾಕಿಸಿದೆವು. ಖಾಲಿ ಟ್ರೈಲರನ್ನು ಊರೆಗೋಲಿನಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ, ಸೀಮೆಸುಣ್ಣದ ಗುರುತು ಹಾಕಿ, ಫೋನಿನಲ್ಲಿ ಸಮಯ ನೋಡಿದೆ. ಬಾಲ್ ವಾಲ್ವ್ ತೆರೆದಿದ್ದಾಗ ಹತ್ತು ನಿಮಿಷಕ್ಕೆ ಎರಡು ಬೆರಳು ಇಳಿಯಿತು. ಮುಚ್ಚಿದಾಗ ಅರ್ಧ ಗಂಟೆಯಾದರೂ ಗುರುತು ಕದಲಲಿಲ್ಲ. ತಪ್ಪು ಲಿವರ್ ವಾಲ್ವಿನ ಕಡೆಗೇ ಎಂದು ತೀರ್ಮಾನವಾಯಿತು. ಇಲ್ಲಿಯವರೆಗೆ ನನಗೆ ನೂರಕ್ಕೆ ನೂರು ಅಂಕ ಕೊಡಬಹುದು.

ಮುಂದೆ ಫೇಲ್. ವಾಲ್ವ್ ಎಂದ ತಕ್ಷಣ ಒಳಗೆ ಸವೆದಿದೆ ಎಂದು ನಾನೇ ನಿಶ್ಚಯ ಮಾಡಿಬಿಟ್ಟೆ. ಇಡೀ ವಾಲ್ವ್ ಕಳಚಿ ಅಂಗಳಕ್ಕೆ ತಂದೆ. ತುದಿಯ ಮುಚ್ಚಳ ಬಿಚ್ಚುತ್ತಲೇ ಸ್ಪ್ರಿಂಗ್ ಚಿಮ್ಮಿ ಒಂದು ಪುಟ್ಟ ಗುಂಡು ಹಾರಿ ಹುಲ್ಲಿನ ಮೆದೆಗೆ ಹೋಯಿತು. ಲಿವರನ್ನು ಅದರ ಜಾಗದಲ್ಲಿ ಹಿಡಿದಿಡುವ ಗುಂಡು ಅದು. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮಕ್ಕಳು ಸಂಜೆವರೆಗೆ ಹುಡುಕಿಕೊಟ್ಟರು. ಸ್ಪೂಲ್ ಹೊರಗೆ ತೆಗೆದೆ, ಮೇಲೆ ಒಂದೆರಡು ಗೀರು ಕಂಡವು. ಎಮರಿ ಪೇಪರ್ ತಗೊಂಡು ಫಳಫಳ ಹೊಳೆಯುವ ಹಾಗೆ ಉಜ್ಜಿದೆ. ಹಿಟ್ಟಿನ ಗಿರಣಿಯ ಪಕ್ಕದ ಮೆಕ್ಯಾನಿಕ್ ಒಬ್ಬರು ಅದನ್ನು ನೋಡಿ, "ಕೆಡಿಸಿಬಿಟ್ಟೆಯಲ್ಲಪ್ಪ" ಎಂದರು. ಸ್ಪೂಲಿನ ಅಂಚು ಚೂಪಾಗಿಯೇ ಇರಬೇಕಂತೆ. ದುಂಡಗಾದರೆ ಕಸ ಆ ಅಂಚಿನಲ್ಲಿ ನುಸುಳಿ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಉಜ್ಜಿದಷ್ಟೂ ಸಂದು ದೊಡ್ಡದಾಗುತ್ತದೆ, ಎಣ್ಣೆ ಇನ್ನಷ್ಟು ಜಾರುತ್ತದೆ. ಮೇಲೆದ್ದ ಮುಳ್ಳಿದ್ದರೆ ಮಾತ್ರ ನುಣುಪಾದ ಸಾಣೆಕಲ್ಲಿನಲ್ಲಿ ಹಗುರವಾಗಿ ಸವರಬೇಕು. ಆಳವಾದ ಗೀರಿದ್ದರೆ ರಿಪೇರಿಯಿಲ್ಲ. ಸ್ಪೂಲ್ ಒಂದನ್ನೇ ಬೇರೆ ತಂದು ಹಾಕೋಣವೆಂದರೆ ಅದೂ ಆಗದು. ಪ್ರತಿ ಸ್ಪೂಲೂ ಅದರದೇ ತೂತಿಗೆ ಜೊತೆಮಾಡಿ ಹೊಂದಿಸಿದ್ದು. ಎರಡು ಲಿವರಿನ ವಾಲ್ವಿನಲ್ಲೂ ಇದರದನ್ನು ಅದಕ್ಕೆ ಹಾಕುವಂತಿಲ್ಲ.

ಹೊಸ ವಾಲ್ವ್ ತಂದೆ. ಎಷ್ಟು ಕೊಟ್ಟೆ ಎಂದು ಹೇಳುವುದಿಲ್ಲ, ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಕೂರಿಸಿ, ಟ್ರೈಲರ್ ಎತ್ತಿ, ಸೀಮೆಸುಣ್ಣದ ಗುರುತು ಹಾಕಿದರೆ ಮತ್ತೆ ಹತ್ತು ನಿಮಿಷಕ್ಕೆ ಎರಡು ಬೆರಳು!

ಅಷ್ಟು ದಿನವೂ ಅಣ್ಣ ಸುಮ್ಮನಿದ್ದ. ಅಣ್ಣ ಇದೇ ಶಾಲೆಯವನು. ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಎರಡು ಸಲ ನಪಾಸಾಗಿ ಬಿಟ್ಟ. ನಾನು ಇಂಜಿನಿಯರ್ ಎಂಬ ಮರ್ಯಾದೆಗೋ ಏನೋ, ಏನೂ ಅನ್ನಲಿಲ್ಲ. ಅವತ್ತು ಟ್ರೈಲರನ್ನು ಪೂರ್ತಿ ಇಳಿಸಿ, ಇಂಜಿನ್ ಆರಿಸಿ, ಲಿವರಿಗೂ ಸ್ಪೂಲಿಗೂ ನಡುವಿನ ಪಿನ್ನನ್ನು ಇಕ್ಕಳದಲ್ಲಿ ಎಳೆದ. ಸ್ಪೂಲ್ ಟಕ್ ಎಂದು ಎರಡು ಮಿಲಿಮೀಟರ್ ಹಿಂದಕ್ಕೆ ಜಿಗಿಯಿತು. ಅಷ್ಟೇ. ಲಿವರಿನ ಬುಡ ತುಕ್ಕು ಹಿಡಿದು ಬಿಗಿದಿತ್ತು. ಲಿವರ್ ನಡುವಿಗೆ ಬಂದಂತೆ ಕಂಡರೂ ಸ್ಪೂಲ್ ಪೂರ್ತಿ ನಡುವಿಗೆ ಬರುತ್ತಿರಲಿಲ್ಲ, ಬಾಗಿಲು ಒಂದು ಎಳೆ ತೆರೆದೇ ಇರುತ್ತಿತ್ತು. ಬಿಚ್ಚುವಾಗ ನಾನೂ ಅದೇ ಪಿನ್ ಎಳೆದಿದ್ದೆ, ಸ್ಪೂಲ್ ಜಿಗಿದದ್ದನ್ನು ನೋಡಿರಲಿಲ್ಲ. ಡೀಸೆಲ್, ತಂತಿ ಬ್ರಷ್ಷು, ಗ್ರೀಸು ಹಾಕಿ ಒಂದು ಗಂಟೆಯಲ್ಲಿ ಅಣ್ಣ ಮುಗಿಸಿದ. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀನು ಕೇಳಲಿಲ್ಲ" ಎಂದ.

ಆಮೇಲೆ ಊರಿನ ನಾಲ್ಕಾರು ಟ್ರ್ಯಾಕ್ಟರುಗಳನ್ನು ಅವನ ಹಿಂದೆ ನಿಂತು ನೋಡಿದ್ದೇನೆ. ವಾಲ್ವಿಗೆ ಕೈ ಹಾಕುವ ಮುಂಚೆ ಅವನು ಎಣ್ಣೆ ನೋಡುತ್ತಾನೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆಯಿದ್ದರೆ ಗಾಳಿ ಎಳೆಯುತ್ತಿದೆ. ಟ್ರೈಲರ್ ಏಳದಿದ್ದಾಗ ಕಿವಿ ಕೊಡುತ್ತಾನೆ. ಕಿರ್ರೆಂದು ಸದ್ದು ಬಂದು ಇಂಜಿನ್ ಹೆಣಗಿದರೆ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತಿದೆ, ಅಂದರೆ ಹೊರೆ ಜಾಸ್ತಿ ಅಥವಾ ಮುಂದೆಲ್ಲೋ ದಾರಿ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ಎಣ್ಣೆ ಸಲೀಸಾಗಿ ಟ್ಯಾಂಕಿಗೆ ಮರಳುತ್ತಿದೆ, ಅಥವಾ ಪಂಪು ಸೋತಿದೆ. ಲಿವರ್ ಬಿಗಿಯೆಂದು ಯಾರೋ ಬೈದಾಗ ಅವನು ವಾಲ್ವಿನ ಬೋಲ್ಟುಗಳನ್ನು ಒಂದು ಸುತ್ತು ಸಡಿಲಿಸಿದ, ಲಿವರ್ ಬೆಣ್ಣೆಯಂತೆ ಆಡಿತು. ಅತಿಯಾಗಿ ಬಿಗಿದರೆ ವಾಲ್ವಿನ ಮೈಯೇ ತುಸು ಸೊಟ್ಟಗಾಗಿ ಸ್ಪೂಲನ್ನು ಹಿಡಿದುಕೊಳ್ಳುತ್ತದಂತೆ. ಹದವಾಗಿ ಮತ್ತೆ ಬಿಗಿದು ಎದ್ದು ಬಂದ. ಒಳಭಾಗ ಒರೆಸಲು ಕಾಟನ್ ವೇಸ್ಟ್ ಮುಟ್ಟುವುದಿಲ್ಲ, ಅದರ ನೂಲೇ ಒಳಗೆ ಸಿಕ್ಕಿಕೊಳ್ಳುತ್ತದೆ. ಓ-ರಿಂಗಿಗೆ ಎಣ್ಣೆ ಸವರದೆ ಕೂರಿಸುವುದಿಲ್ಲ. ನಾನು ಅವನಿಗೆ ಕಲಿಸಿದ್ದು ಒಂದೇ: ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುವುದು.

ಎರಡು ವಿಷಯದಲ್ಲಿ ಮಾತ್ರ ಅವನು ಯಾರ ಮುಲಾಜಿಗೂ ಬಗ್ಗುವುದಿಲ್ಲ. ಹೆಚ್ಚು ಹೊರೆ ಏಳಲಿ ಎಂದು ರಿಲೀಫ್ ವಾಲ್ವಿನ ತಿರುಪು ಬಿಗಿ ಎಂದರೆ ಬಿಗಿಯುವುದಿಲ್ಲ. ಪೈಪು ಒಡೆಯದಂತೆ ಕಾಯುವುದೇ ಅದು. ಮೀಟರ್ ಹಾಕದೆ ಅದನ್ನು ಮುಟ್ಟಬಾರದು. ಇನ್ನೊಂದು, ಪೈಪಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ಹುಡುಕಲು ಬಿಡುವುದಿಲ್ಲ, ರಟ್ಟು ಹಿಡಿಯುತ್ತಾನೆ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಸಣ್ಣ ಚುಕ್ಕೆ, ಮೊದಲಿಗೆ ಅಷ್ಟು ನೋವೂ ಇರುವುದಿಲ್ಲ. ಅರಿಶಿನ ಹಚ್ಚಿ ಮಲಗಿದರೆ ಬೆರಳೋ ಕೈಯೋ ಕಳೆದುಕೊಳ್ಳಬೇಕಾದೀತು. ತಕ್ಷಣ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು.

ಹಳೆಯ ವಿದ್ಯಾರ್ಥಿಗಳ ಸನ್ಮಾನದ ಪಟ್ಟಿಯಲ್ಲಿ ನನ್ನ ಹೆಸರಿದೆ, ಅಣ್ಣನ ಹೆಸರಿಲ್ಲ. ಪಟ್ಟಿ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಪಾಸಾದವರ ರಿಜಿಸ್ಟರ್ ನೋಡಿ ಮಾಡಿದ್ದಾರೆ. ಅವನು ಹೊರಗೆ ಪೆಂಡಾಲಿನ ಕುರ್ಚಿ ಇಳಿಸುತ್ತಿದ್ದಾನೆ, ಅದೇ ಟ್ರೈಲರಿನಿಂದ. ಈ ಶಾಲು ಅವನಿಗೆ ಹೋಗುತ್ತದೆ.

ನಾನು ಕೆಡಿಸಿದ ವಾಲ್ವನ್ನು ಲೇತಿನಲ್ಲಿ ಉದ್ದಕ್ಕೆ ಸೀಳಿಸಿ, ಒಳಗಿನ ದಾರಿಗಳು ಕಾಣುವಂತೆ ಹಲಗೆಗೆ ಕೂರಿಸಿ, ವಿಜ್ಞಾನದ ಲ್ಯಾಬಿಗೆಂದು ತಂದಿದ್ದೇನೆ. ಸಿರಿಂಜುಗಳ ಪಕ್ಕದಲ್ಲಿಡಿ. ಮಕ್ಕಳೇ, ಲಿವರ್ ಆಡಿಸಿದರೆ ಸ್ಪೂಲ್ ಸರಿಯುವುದು ಕಾಣುತ್ತದೆ. ಹೊರಗೆಳೆದು ಬೆರಳಲ್ಲೂ ಮುಟ್ಟಿ ನೋಡಿ. ಎಡಗಡೆಯ ಅಂಚುಗಳು ನಾನು ಎಮರಿ ಉಜ್ಜಿದ್ದು. ಬಲಗಡೆಯ ಕೊನೆಯದಕ್ಕೆ ನನ್ನ ಎಮರಿ ತಾಗಲಿಲ್ಲ, ಅದು ಇನ್ನೂ ಚೂಪಾಗಿದೆ, ಜೋಪಾನ.