ಮೂವರು ಬೇಕಾಗಿದ್ದಾರೆ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಆ ಮೊದಲ ಕೆಲವು ತಿಂಗಳು ಮರೆಯುವುದಿಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿರುವುದು ಹೋದ ವರ್ಷ ಸಲೀಸಾಗಿ ಬಿಡಿಸಿದ ಲೆಕ್ಕವೇ. ಆದರೂ ಕೈ ಓಡುವುದಿಲ್ಲ. ಪ್ರಶ್ನೆ ಕೇಳೋಣವೆಂದರೆ ಇಂಗ್ಲಿಷ್ ಬಾಯಿಗೆ ಬಾರದು, ಕನ್ನಡದಲ್ಲಿ ಕೇಳಲು ಸಂಕೋಚ. ಹೀಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಎಷ್ಟೋ ಹುಡುಗ ಹುಡುಗಿಯರು ವಿಜ್ಞಾನಕ್ಕೇ ಕೈಮುಗಿದು ಎದ್ದು ಹೋಗಿದ್ದಾರೆ. ಅವರಲ್ಲಿ ಬುದ್ಧಿಗೇನೂ ಬಡತನವಿರಲಿಲ್ಲ. ಆ ಹೊತ್ತಿನಲ್ಲಿ ಕೈಹಿಡಿದು ದಾಟಿಸುವವರು ಸಿಗಲಿಲ್ಲ, ಅಷ್ಟೆ.

ಈ ಲೇಖನ ದಾಟಿ ಬಂದವರಿಗೆ. ಬಿಎಸ್‌ಸಿ, ಎಂಜಿನಿಯರಿಂಗ್, ನರ್ಸಿಂಗ್, ಕೃಷಿ, ಡಿಪ್ಲೊಮಾ, ಏನೇ ಓದುತ್ತಿರಿ, ಎಲ್ಲಿ ಎಡವಿದಿರಿ, ಹೇಗೆ ಎದ್ದಿರಿ ಎಂಬುದು ನಿಮಗಿನ್ನೂ ಹಸಿಯಾಗಿ ನೆನಪಿದೆ. ಇಪ್ಪತ್ತು ವರ್ಷ ಪಾಠ ಹೇಳಿದ ಪ್ರಾಧ್ಯಾಪಕರಿಗೂ ಅದು ಅಷ್ಟು ಚೆನ್ನಾಗಿ ನೆನಪಿರಲಾರದು. ಆ ನೆನಪು ಮಾಸುವ ಮೊದಲು ಒಂದು ಕೆಲಸ ಮಾಡಿ: ಕನ್ನಡದಲ್ಲಿ ವಿಕಿವರ್ಸಿಟಿ ಕಟ್ಟಿ.

ವಿಕಿಪೀಡಿಯ ಎಲ್ಲರಿಗೂ ಗೊತ್ತು. ಅದನ್ನು ನಡೆಸುವ ವಿಕಿಮೀಡಿಯ ಫೌಂಡೇಷನ್ನಿನದೇ ಇನ್ನೊಂದು ಯೋಜನೆ ವಿಕಿವರ್ಸಿಟಿ. ಶುರುವಾದದ್ದು 2006ರ ಆಗಸ್ಟ್‌ನಲ್ಲಿ. ವಿಕಿಪೀಡಿಯದಲ್ಲಿ ವಿಷಯದ ಮಾಹಿತಿ ಸಿಗುತ್ತದೆ. ವಿಕಿವರ್ಸಿಟಿಯಲ್ಲಿ ಆ ವಿಷಯವನ್ನು ಕಲಿಯುವ ದಾರಿ ಸಿಗಬೇಕು. ಪಾಠ, ಅಭ್ಯಾಸದ ಲೆಕ್ಕ, ಮನೆಯಲ್ಲೇ ಮಾಡಬಹುದಾದ ಪ್ರಯೋಗ, ಪ್ರಾಜೆಕ್ಟ್, ಎಲ್ಲವೂ ಉಚಿತ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷಿಕರಿಗೆ ತಮ್ಮದೇ ವಿಕಿವರ್ಸಿಟಿ ಇದೆ. ಹಿಂದಿಯವರು 2017ರಲ್ಲಿ ತಮ್ಮದನ್ನು ಪಡೆದರು. 2011ರ ಜನಗಣತಿಯಲ್ಲಿ 4.37 ಕೋಟಿ ಜನ ಮಾತೃಭಾಷೆ ಎಂದು ಬರೆಸಿದ ಕನ್ನಡಕ್ಕೆ ಅದು ಇಲ್ಲ.

ಹಾಗೆಂದು ಕನ್ನಡದಲ್ಲಿ ಏನೂ ಆಗಿಲ್ಲವೆಂದಲ್ಲ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಪ್ರೌಢಶಾಲೆಯ ಶಿಕ್ಷಕರಿಗಾಗಿ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆಗೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ವಿಕಿಯನ್ನೇ ಕಟ್ಟಿದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಸಾಮಗ್ರಿ ಇದೆ, ಮೇಷ್ಟರಿಗೆ ನೆರವೂ ಇದೆ. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಒಬ್ಬಂಟಿಯಾಗಿ ನಿಂತ ವಿದ್ಯಾರ್ಥಿ ಮೊಬೈಲ್ ತೆರೆದು, ಹಂತ ಹಂತವಾಗಿ ಕಲಿಯಬಲ್ಲ ಜಾಗ ಬೇಕಾಗಿದೆ.

ಅದಕ್ಕೆ ಯಾರ ಅಪ್ಪಣೆ ಬೇಕು? ಸಚಿವರ ಶಿಫಾರಸು ಬೇಡ, ಅನುದಾನ ಬೇಡ, ಕಟ್ಟಡ ಬೇಡ. ಹೊಸ ಭಾಷೆಯ ಕೋರಿಕೆಯನ್ನು ವಿಕಿಮೀಡಿಯ ಯೋಜನೆಗಳ ಸಮನ್ವಯ ತಾಣವಾದ ಮೆಟಾ ವಿಕಿಯಲ್ಲಿ ಸಲ್ಲಿಸಬೇಕು. ವಿಕಿಮೀಡಿಯದ ಭಾಷಾ ಸಮಿತಿ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ. ಭಾಷೆಗೆ ಅಂತರರಾಷ್ಟ್ರೀಯ ಸಂಕೇತ ಇದೆಯೇ? ಕನ್ನಡಕ್ಕೆ ಎಂದೋ ಇದೆ. ತಾಣದ ಗುಂಡಿಗಳು, ಸೂಚನೆಗಳು ಆ ಭಾಷೆಗೆ ಬಂದಿವೆಯೇ? ಕನ್ನಡ ವಿಕಿಪೀಡಿಯಕ್ಕಾಗಿ ಸ್ವಯಂಸೇವಕರು ಆ ಕೆಲಸವನ್ನೂ ಮಾಡಿಟ್ಟಿದ್ದಾರೆ. ಹೊಸ ಭಾಷೆಯ ಪಾಠಗಳನ್ನು ಮೊದಲು ಬೆಳೆಸುವ ಪ್ರಯೋಗದ ತಾಣದಲ್ಲಿ ತಿಂಗಳ ಮೇಲೆ ತಿಂಗಳು ಬಿಡದೆ ಬರೆಯುವವರು, ಕಡಿಮೆಯೆಂದರೂ ಮೂವರು, ಇದ್ದಾರೆಯೇ? ನಾವು ನಿಂತಿರುವುದು ಇಲ್ಲಿ. ಇಷ್ಟು ದೊಡ್ಡ ಭಾಷೆಗೆ ಮೂವರು.

ಆಗದ ಮಾತು ಎನ್ನುವವರು ಕರಾವಳಿಯ ಕಡೆ ತಿರುಗಿ ನೋಡಲಿ. ಅದೇ 2011ರ ಗಣತಿಯಂತೆ ತುಳು ಮಾತೃಭಾಷೆಯವರು 18 ಲಕ್ಷ ಚಿಲ್ಲರೆ. ಅವರ ವಿಕಿಪೀಡಿಯ ವರ್ಷಗಟ್ಟಲೆ ಪ್ರಯೋಗದ ಹಂತದಲ್ಲೇ ಕುಂಟುತ್ತಿತ್ತು. ಕೆಲವರು ಪಟ್ಟು ಬಿಡಲಿಲ್ಲ. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಕನ್ನಡ ಲಿಪಿಯಲ್ಲಿ ಟೈಪ್ ಮಾಡುವುದನ್ನು ಹೇಳಿಕೊಟ್ಟರು, ಕಮ್ಮಟ ನಡೆಸಿದರು, ಬರೆದರು, ಬರೆಸಿದರು. 2016ರ ಆಗಸ್ಟ್‌ನಲ್ಲಿ ಚಂಡೀಗಢದಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವೆಂದು ಘೋಷಣೆಯಾಯಿತು. ತುಳುವರ ಆ ಹಟದಲ್ಲಿ ಕಾಲುಪಾಲು ನಮಗಿದ್ದರೆ ಸಾಕು.

ಏನು ಬರೆಯಬೇಕೆಂದು ತಲೆ ಕೆರೆದುಕೊಳ್ಳಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ಮಲೆನಾಡಿನ, ಕರಾವಳಿಯ ತೋಟದ ಮನೆಯ ಮಕ್ಕಳೆಲ್ಲ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡಿದ್ದಾರೆ. ಕೊಳೆರೋಗದ ಮೇಲೆ ಅದನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ವಿಜ್ಞಾನಿ ಲೆಸ್ಲಿ ಕೋಲ್ಮನ್, ನೂರು ವರ್ಷಕ್ಕೂ ಹಿಂದೆ. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಹದ ಸರಿಯಾಯಿತೇ ಎಂದು ನೋಡಲು ಹಿರಿಯರು ಹೊಳಪಿನ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಆ ಕೆಂಪು ಏನು? ದ್ರಾವಣದಲ್ಲಿ ಉಳಿದ ತಾಮ್ರವನ್ನು ಕಬ್ಬಿಣ ಹೊರದಬ್ಬಿ ತನ್ನ ಮೈಮೇಲೆ ಕೂರಿಸಿಕೊಂಡದ್ದು. ಪುಸ್ತಕದಲ್ಲಿ ಸ್ಥಾನಪಲ್ಲಟ ಕ್ರಿಯೆ ಎಂದು ಸಮೀಕರಣ ಸಮೇತ ಬಾಯಿಪಾಠ ಮಾಡಿದ್ದು ತೋಟದಲ್ಲಿ ಹಂಡೆಯ ಪಕ್ಕ ನಡೆಯುತ್ತಿದೆ. ಇದರಲ್ಲಿ ಶೇಕಡಾ ಲೆಕ್ಕವಿದೆ, ಆಮ್ಲ-ಪ್ರತ್ಯಾಮ್ಲವಿದೆ, ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯಿದೆ, ಶಿಲೀಂಧ್ರನಾಶಕ ಕೆಲಸ ಮಾಡುವ ಬಗೆಯಿದೆ. ನಾಲ್ಕು ಪುಟ, ಎರಡು ಫೋಟೊ, ಐದು ಅಭ್ಯಾಸದ ಪ್ರಶ್ನೆ: ಒಂದು ಪಾಠ ಸಿದ್ಧ. ಬೇರೆ ಯಾವ ಭಾಷೆಯಿಂದಲೂ ಅನುವಾದಿಸಿ ಇದನ್ನು ತರಲಾಗದು. ಇದು ನಿಮ್ಮ ಅಂಗಳದಲ್ಲೇ ಹುಟ್ಟಬೇಕು.

ಎರಡು ಎಚ್ಚರಿಕೆ ಇರಲಿ. ಗೈಡು, ಪಠ್ಯಪುಸ್ತಕ, ಟ್ಯೂಷನ್ ನೋಟ್ಸ್ ನಕಲು ಮಾಡಿ ಹಾಕಬೇಡಿ. ಅವುಗಳಿಗೆ ಹಕ್ಕುದಾರರಿದ್ದಾರೆ, ಮುಕ್ತ ತಾಣದಲ್ಲಿ ಅಂಥ ಪುಟ ಉಳಿಯುವುದಿಲ್ಲ. ಯಂತ್ರಾನುವಾದವನ್ನು ಹಾಗೆಯೇ ತಂದು ಸುರಿಯಲೂ ಬೇಡಿ. ಪಾಠ ಬರೆದ ಮೇಲೆ ಪಿಯುಸಿ ಓದುವ ತಂಗಿಗೋ ಪಕ್ಕದ ಮನೆಯ ಹುಡುಗನಿಗೋ ಕೊಟ್ಟು ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಅವರಿಗಿಂತ ದೊಡ್ಡ ಪರೀಕ್ಷಕರು ಇಲ್ಲ.

ಕನ್ನಡದಲ್ಲಿ ವಿಜ್ಞಾನ ಹೇಳಲು ಹೊರಟವರು ಹಿಂದೆ ಪಟ್ಟ ಪಾಡು ಸಣ್ಣದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ತಂದರು. ಅದು ನಡೆದದ್ದು ಸುಮಾರು ಎರಡು ವರ್ಷ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ, ಆಮೇಲೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಅವರಿಗೆಲ್ಲ ಕಾಗದ ಹೊಂದಿಸಬೇಕಿತ್ತು, ಅಚ್ಚಿನ ಮೊಳೆ ಜೋಡಿಸಬೇಕಿತ್ತು, ಓದುಗರ ಮನೆಬಾಗಿಲಿಗೆ ಮುಟ್ಟಿಸಬೇಕಿತ್ತು. ನಿಮಗೆ ಆ ಯಾವ ಹೊರೆಯೂ ಇಲ್ಲ. ರಾತ್ರಿ ಬರೆದದ್ದು ಬೆಳಿಗ್ಗೆ ಬೀದರಿನಲ್ಲೂ ಗುಂಡ್ಲುಪೇಟೆಯಲ್ಲೂ ತೆರೆದುಕೊಳ್ಳುತ್ತದೆ. ಇಷ್ಟು ಅನುಕೂಲ ಕೈಯಲ್ಲಿಟ್ಟುಕೊಂಡು ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲ ಎಂದು ಗೊಣಗುವುದು ನಮಗೆ ಶೋಭೆಯಲ್ಲ.

ಹಾಗಾಗಿ ಕಾಯಬೇಡಿ. ಈ ಭಾನುವಾರ ಆ ಪ್ರಯೋಗದ ತಾಣದಲ್ಲಿ ಖಾತೆ ತೆರೆಯಿರಿ. ನಿಮ್ಮನ್ನು ಅತಿ ಹೆಚ್ಚು ಕಾಡಿದ ಒಂದು ಅಧ್ಯಾಯ ಆರಿಸಿ. ಆವತ್ತು ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ಎಂದು ನಿಮಗೆ ಅನ್ನಿಸಿತ್ತಲ್ಲ, ಹಾಗೆಯೇ ಬರೆಯಿರಿ. ತಪ್ಪಾದರೆ ತಿದ್ದಲು ಜನ ಬರುತ್ತಾರೆ. ವಿಕಿ ಇರುವುದೇ ಅದಕ್ಕೆ. ತಿಂಗಳಿಗೆ ಒಂದು ಪಾಠದಂತೆ ಮೂವರು ಬರೆದರೆ ವರ್ಷಕ್ಕೆ ಮೂವತ್ತಾರು. ಮುಂದಿನ ಪಿಯುಸಿ ಬ್ಯಾಚು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅವರ ಮೊಬೈಲಿನಲ್ಲಿ ನಿಮ್ಮ ಪಾಠ ಇರಲಿ. ಮೂವರಲ್ಲಿ ಒಬ್ಬರು ನೀವು. ಉಳಿದಿಬ್ಬರು ನಿಮ್ಮ ಹಾಸ್ಟೆಲಿನಲ್ಲೇ ಇದ್ದಾರೆ, ಹೋಗಿ ಬಾಗಿಲು ಬಡಿಯಿರಿ.