ಊರು ಎಷ್ಟು ದೂರ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕುಂಟಿ ಹಿಡಿದವನು. ಭಾಷಣ ನನ್ನ ಕಸಬಲ್ಲ. ಬೆಳ್ಳಿಹಬ್ಬದ ಸಮಿತಿಯವರು "ನಿನಗ ತಿಳಿದದ್ದ ನಾಕ ಮಾತ ಹೇಳಪಾ" ಅಂದರು. ಸಂಘದ ಕೆಲಸಕ್ಕೆ ಬಸ್ಸು, ಟಂಟಂ, ಟ್ರ್ಯಾಕ್ಟರ್ ಹತ್ತಿ ತಿರುಗಾಡಿದ್ದೇ ನನ್ನ ಅನುಭವ. ಆದ್ದರಿಂದ ನಮ್ಮ ಊರುಗಳ ದೂರದ ಬಗ್ಗೆ, ಆ ದೂರವನ್ನು ಹೊರಗಿನವರು ಹೇಗೆ ತಪ್ಪು ಅಳೆಯುತ್ತಾರೆ ಎಂಬುದರ ಬಗ್ಗೆ ಹೇಳುತ್ತೇನೆ.

ಮೊದಲು ಒಂದು ಮದುವೆಯ ಮಾತು. ನಮ್ಮ ಓಣಿಯಲ್ಲಿ ಹೆಣ್ಣಿನ ಮನೆಯ ಮದುವೆ. ಮದುಮಗನ ಸೋದರಮಾವ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಹೆಂಡತಿ ಮಕ್ಕಳೊಂದಿಗೆ ರಾತ್ರಿ ಬಸ್ಸು ಹತ್ತಿ, 450 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಿದ್ದೆಯಲ್ಲೇ ಕಳೆದು, ಬೆಳಿಗ್ಗೆ ಏಳಕ್ಕೆ ಬೈಲಹೊಂಗಲದಲ್ಲಿ ಇಳಿದರು. ಅಲ್ಲಿಂದ ಫೋನು ಮಾಡಿ, "ಮೊಬೈಲಲ್ಲಿ ಇನ್ನು 22 ಕಿಲೋಮೀಟರ್ ತೋರಿಸ್ತಿದೆ, ಅರ್ಧ ಗಂಟೇಲಿ ಬಂದ್ಬಿಡ್ತೀವಿ" ಎಂದರು. ಹೊಂಗಲದಿಂದ ನಮ್ಮೂರಿಗೆ ಮೊದಲ ಬಸ್ಸು ಹತ್ತಕ್ಕೆ. ನಾಲ್ಕು ಊರು ಹೊಕ್ಕು ಹೊರಬಂದು ನಮ್ಮೂರು ಮುಟ್ಟುವುದು ಹನ್ನೊಂದಕ್ಕೆ. ಗಾಡಿ ಕಳಿಸೋಣವೆಂದರೆ ಊರಲ್ಲಿದ್ದ ಎರಡೂ ಗಾಡಿ ನಿಬ್ಬಣ ತರಲು ಹೋಗಿದ್ದವು. ಹತ್ತೂವರೆಗೆ ಅಕ್ಕಿಕಾಳು ಬಿದ್ದವು. ಸೋದರಮಾವ ಬಂದಾಗ ಮೊದಲ ಪಂಕ್ತಿ ಏಳುತ್ತಿತ್ತು. ಪಾಪ, ಬಹಳ ನೊಂದುಕೊಂಡರು. ಅವರು ಮೈಗಳ್ಳರಲ್ಲ. ಬೆಂಗಳೂರಿನ ಲೆಕ್ಕವನ್ನು ತಂದು ನಮ್ಮ ದಾರಿಗೆ ಹಚ್ಚಿದರು, ಅಷ್ಟೇ.

ನಮ್ಮ ಹಿರಿಯರು ದೂರವನ್ನು ಬೇರೆ ರೀತಿ ಅಳೆಯುತ್ತಿದ್ದರು. ಹತ್ತಿರದ್ದಾದರೆ ಕೂಗಳತೆ ಅನ್ನುತ್ತಿದ್ದರು. ದೂರದ್ದಾದರೆ ಹರದಾರಿ, ಅಂದರೆ ಸುಮಾರು ಮೂರು ಮೈಲು. ಅದಕ್ಕೂ ಹೆಚ್ಚಾಗಿ "ಎರಡು ತಾಸಿನ ದಾರಿ", "ಮುಂಜಾನೆ ಬಿಟ್ಟರ ಮಧ್ಯಾಹ್ನಕ್ಕ ಮುಟ್ಟತೀರಿ" ಎಂದು ಹೊತ್ತಿನ ಲೆಕ್ಕ ಹೇಳುತ್ತಿದ್ದರು. ಅದೇ ದಾರಿ ಚಕ್ಕಡಿಗೆ ಬೇರೆ, ತಲೆಹೊರೆಗೆ ಬೇರೆ, ಬಸುರಿ ಹೆಣ್ಣುಮಗಳಿಗೆ ಬೇರೆ. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ತಾಸಿನಲ್ಲಿ ಮುಟ್ಟುವ ಹೊಲಕ್ಕೆ ಮಿರಗದ ಮಳೆ ಬಿದ್ದ ಮರುದಿನ ಒಂದು ತಾಸು ಬೇಕು. ಚಕ್ಕಡಿಯ ಗಾಲಿಗೆ, ಬೈಕಿನ ಮಡ್‌ಗಾರ್ಡಿಗೆ, ನಮ್ಮ ಚಪ್ಪಲಿಗೆ ಎರಿ ಮಣ್ಣು ಮೆತ್ತಿಕೊಂಡು ಹೆಜ್ಜೆ ಕಿತ್ತಿಡಲು ಬಿಡುವುದಿಲ್ಲ. ಇದು ಯಾವ ನಕಾಶೆಯಲ್ಲೂ ಕಾಣುವುದಿಲ್ಲ.

ದೂರದ ತ್ರಾಸು ನಮ್ಮ ಸೀಮೆಗೆ ಹೊಸದಲ್ಲ. ಈಗ ರಾಮದುರ್ಗ ತಾಲೂಕಿನಲ್ಲಿರುವ ತೊರಗಲ್ಲು ಹಿಂದೆ ಶಿಂದೆಯವರ ಜಹಗೀರು. ಅವರ ಮೇಲಿನ ದರಬಾರು ಕೊಲ್ಹಾಪುರ. ಮಗ್ಗುಲಲ್ಲೇ ಇದ್ದ ರಾಮದುರ್ಗ ಮಾತ್ರ ಭಾವೆಯವರ ಬೇರೆ ಸಂಸ್ಥಾನ. ಬೈಲಹೊಂಗಲ, ಸವದತ್ತಿಯವರು ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿದವರು. ಒಂದೇ ಮಲಪ್ರಭೆಯ ನೀರು ಕುಡಿಯುವ ಮಂದಿ ಮೇಲಿನ ದೂರಿಗೆ ಮೂರು ದಿಕ್ಕಿಗೆ ಮುಖ ಮಾಡಬೇಕಿತ್ತು. ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಬೆಳಗಾವಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವೂ ಎದ್ದು ನಿಂತಿತು. ಸಂತೋಷದ ಸಂಗತಿ. ಆದರೆ ವಿಸ್ತಾರದಲ್ಲಿ ರಾಜ್ಯಕ್ಕೇ ದೊಡ್ಡ ಜಿಲ್ಲೆ ನಮ್ಮದು. ಸವದತ್ತಿಯಿಂದ ಬೆಳಗಾವಿ ಸುಮಾರು 80 ಕಿಲೋಮೀಟರ್, ರಾಮದುರ್ಗದಿಂದ ನೂರರ ಆಸುಪಾಸು. ಸವದತ್ತಿ, ರಾಮದುರ್ಗ ಎರಡೂ ಪಟ್ಟಣಗಳಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ.

ನಕಾಶೆ ನೋಡಿ ಮೋಸ ಹೋಗುವುದಕ್ಕೆ ನವಿಲುತೀರ್ಥದ ಅಣೆಕಟ್ಟೆಯ ಹಿನ್ನೀರು ಒಳ್ಳೆಯ ಉದಾಹರಣೆ. ಈ ದಂಡೆಯಲ್ಲಿ ನಿಂತರೆ ಆ ದಂಡೆಯ ಊರಿನ ಗುಡಿಯ ಶಿಖರ ಕಾಣುತ್ತದೆ. ಹೋಗಬೇಕೆಂದರೆ ನೀರು ಸುತ್ತಿ ಹೋಗಬೇಕು. ಯಲ್ಲಮ್ಮನ ಗುಡ್ಡಕ್ಕೆ ಬರುವ ಪರಊರಿನ ಭಕ್ತರದು ಇನ್ನೊಂದು ತಪ್ಪು ಲೆಕ್ಕ. ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಬಂದವರು ಸಾಲುಗಟ್ಟಿ ನಿಂತ ಜಾತ್ರಿ ಬಸ್ಸು ನೋಡಿ, "ನಿಮ್ಮ ಸವದತ್ತಿ ಕಡೆ ಬಸ್ಸಿಗೆ ಏನು ಕಡಿಮೆ?" ಅನ್ನುತ್ತಾರೆ. ಅವರು ಕಂಡದ್ದು ಜಾತ್ರಿಯ ದಿನ. ನಾವು ಬದುಕುವುದು ಉಳಿದ ದಿನಗಳಲ್ಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಎಷ್ಟೋ ತಾಯಂದಿರು ತವರಿಗೆ, ದವಾಖಾನಿಗೆ, ಸಂತಿಗೆ ಕೈ ಚಾಚದೆ ಹೋಗಿ ಬರುತ್ತಿದ್ದಾರೆ. ಒಳ್ಳೆಯದಾಗಿದೆ. ಆದರೆ ದಿನಕ್ಕೆ ಮೂರು ಸಲ ಬಸ್ಸು ಬರುವ ಊರಿನವರಿಗೆ ಸಿಕ್ಕದ್ದು ಮೂರು ಸಲದ ಉಪಯೋಗ. ನಮ್ಮ ಓಣಿಯ ಆಯಿ ಒಬ್ಬರು ನನಗೆ ಹೇಳಿದರು: "ತಮ್ಮಾ, ಟಿಕೀಟ ಪುಕಟ ಆತು, ಬಸ್ಸಿನ ವ್ಯಾಳ್ಯಾ ಅದ ಐತಲ್ಲೊ."

ಹೊರಗಿನವರು ಮಾಡುವ ದೊಡ್ಡ ತಪ್ಪು ಯಾವುದೆಂದರೆ, ಅವರು ಹೋಗುವ ದಾರಿಯನ್ನಷ್ಟೇ ಎಣಿಸುತ್ತಾರೆ, ಮರಳಿ ಬರುವುದನ್ನು ಎಣಿಸುವುದಿಲ್ಲ. ಹಿಂದೊಮ್ಮೆ ನಮಗೆ ಜಿಲ್ಲಾ ಸ್ಥಳದಲ್ಲಿ ತರಬೇತಿ ಇತ್ತು. ಮುಂಜಾನೆ ಹತ್ತಕ್ಕೆ ಆರಂಭ. ಆರು ಗಂಟೆಯ ವಸ್ತಿ ಬಸ್ಸಿಗೆ ನಾನು, ಕಾರ್ಯದರ್ಶಿಗಳು, ನಮ್ಮ ಮಹಿಳಾ ನಿರ್ದೇಶಕರೊಬ್ಬರು ಹೋದೆವು. ವೇಳೆಗೆ ಸರಿಯಾಗಿ ಮುಟ್ಟಿದೆವು. ಮಾಹಿತಿ ಚಲೋ ಇತ್ತು, ಊಟವೂ ಚಲೋ ಇತ್ತು. ಮುಗಿದದ್ದು ಐದೂವರೆಗೆ. ಬೈಲಹೊಂಗಲಕ್ಕೆ ಬಂದಾಗ ಏಳು ದಾಟಿತ್ತು. ಊರಿನ ವಸ್ತಿ ಬಸ್ಸು ಆರೂವರೆಗೇ ಹೊರಟು ಹೋಗಿತ್ತು. ನಾವು ಗಂಡಸರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಟಾವೆಲ್ ಹಾಸಿ ಮಲಗಿದೆವು. ಅಕ್ಕನವರನ್ನು ಅವರ ಪರಿಚಯದವರ ಮನೆಗೆ ಮುಟ್ಟಿಸಿದೆವು. ಮುಂದಿನ ಸಲ ನೋಟೀಸು ಬಂದಾಗ ಅವರು, "ನಾ ಒಲ್ಯಾ ತಮ್ಮಾ, ಮನ್ಯಾಗ ಮಾತು ಬರ್ತಾವು" ಅಂದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಗೈರು" ಎಂದು ಬಿತ್ತು. ಒಂದು ತಾಸು ಮೊದಲು ಬಿಟ್ಟಿದ್ದರೆ ಆ ಗೈರು ಬೀಳುತ್ತಿರಲಿಲ್ಲ. ಮಹಿಳೆಯರಿಗೆ ಮೀಸಲು ಕುರ್ಚಿ ಕೊಟ್ಟ ಮೇಲೆ ಅವರು ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟುವ ಹಾಗೆ ಸಭೆ ಕರೆಯುವುದೂ ಬೇಕಲ್ಲವೇ?

ಇನ್ನು ಗೋದಾಮಿನ ಸಂಗತಿ. ಹಿರಿಯ ಸದಸ್ಯರಿಗೆ ನೆನಪಿರಬೇಕು. ಮಾಗಿಯ ದಿನಗಳಲ್ಲಿ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಹಳ್ಳ ಒಣಗಿತ್ತು. ಹಳ್ಳ ದಾಟಿ ನೆರೆಯ ಸಂಘಕ್ಕೆ ಹೋಗಿ, ಮರಳಿ ಬಂದು, "ಆರೇ ಕಿಲೋಮೀಟರ್, ಹದಿನೈದು ನಿಮಿಷ. ನಿಮ್ಮಲ್ಲಿ ಬೇರೆ ಗೊಬ್ಬರದ ದಾಸ್ತಾನು ಏಕೆ? ನಿಮ್ಮ ಸದಸ್ಯರು ಅಲ್ಲಿಂದಲೇ ಒಯ್ಯಲಿ" ಎಂದರು. ಆಗಿನ ನಮ್ಮ ಅಧ್ಯಕ್ಷರು ಸಿಟ್ಟಾಗಲಿಲ್ಲ. "ಸಾಹೇಬ್ರ, ನಿಮ್ಮ ಲೆಕ್ಕ ಖರೇ ಐತ್ರಿ. ಆದ್ರ ಶ್ರಾವಣದಾಗ ಒಮ್ಮೆ ಬರ್ರಿ. ಜೀಪ ಹೊಂಗಲದಾಗ ಬಿಟ್ಟ ಬಸ್ಸಿಗೆ ಬರ್ರಿ" ಅಂದರು.

ಆ ಸಾಹೇಬರು ದೊಡ್ಡ ಮನುಷ್ಯರು. ಶ್ರಾವಣದಲ್ಲಿ ಖರೇನೇ ಬಸ್ಸಿಗೆ ಬಂದರು. ಹಳ್ಳ ತುಂಬಿ ಹರಿಯುತ್ತಿತ್ತು. ಆರು ಕಿಲೋಮೀಟರಿನ ದಾರಿ ಬಂದಾಗಿತ್ತು. ನೆರೆಯ ಊರಿಗೆ ಹೋಗಬೇಕೆಂದರೆ ನಮ್ಮೂರಿನಿಂದ ಕ್ರಾಸಿಗೆ 11, ಅಲ್ಲಿ ಇನ್ನೊಂದು ಬಸ್ಸು ಕಾಯ್ದು ಮತ್ತೆ 8, ಒಟ್ಟು 19 ಕಿಲೋಮೀಟರ್. ಹೋದವರು ಅದೇ ದಿನ ಗೊಬ್ಬರದ ಚೀಲದ ಸಮೇತ ಮರಳುವುದು ಆಗದ ಮಾತು. ನಮ್ಮ ಸಂಘದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ ಅವರು, "ಬೇಸಿಗೆಯಲ್ಲಿ 6, ಬಿತ್ತುವ ಕಾಲಕ್ಕೆ 19 ಎಂದು ಬರೆಯುತ್ತೇನೆ" ಎಂದರು. ಹಾಗೆಯೇ ಬರೆದರು. ದಾಸ್ತಾನು ನಮ್ಮಲ್ಲೇ ಉಳಿಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ರಾಮದುರ್ಗ, ಮುನವಳ್ಳಿ ಕಡೆ ಮನೆಮಾರು ನೀರಲ್ಲಿ ನಿಂತಾಗ, ದಾರಿ ಕಡಿದರೆ ಊರು ಹೇಗೆ ನಡುಗಡ್ಡೆ ಆಗುತ್ತದೆ ಎಂಬುದನ್ನು ಎಲ್ಲರೂ ಕಂಡರು.

ಈ ದೂರಕ್ಕೆ ರೊಕ್ಕದ ಲೆಕ್ಕವೂ ಇದೆ. 45 ಕಿಲೋ ಯೂರಿಯಾ ಚೀಲಕ್ಕೆ ಸರಕಾರದ ದರ 266 ರೂಪಾಯಿ 50 ಪೈಸೆ. ಈ ದರ ದೊಡ್ಡ ಪೇಟೆಗೂ ಅದೇ, ನಮ್ಮೂರಿಗೂ ಅದೇ. ಆದರೆ ಒಬ್ಬ ರೈತ ಎರಡು ಚೀಲ ತರಲು 300 ರೂಪಾಯಿ ಕೊಟ್ಟು ಟಂಟಂ ಮಾಡಿದರೆ ಅವನಿಗೆ ಚೀಲ ಬಿದ್ದದ್ದು 416 ರೂಪಾಯಿ 50 ಪೈಸೆಗೆ. ಅವನ ಒಂದು ದಿನದ ಪಗಾರ ಬೇರೆ. ಕಾಗದದ ಮೇಲೆ ದರ ಒಂದೇ, ಹೊಲದ ಬದುವಿಗೆ ಬಂದಾಗ ಬೇರೆ.

ಸಹಕಾರ ಸಂಘ ಹುಟ್ಟಿದ್ದು ಇಂಥ ದೂರವನ್ನು ಕಡಿಮೆ ಮಾಡುವುದಕ್ಕೇ ಎಂದು ನನಗೆ ಅನ್ನಿಸುತ್ತದೆ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಕಾಲಕ್ಕೆ ಹಳ್ಳಿಯ ರೈತನಿಗೆ ಕೂಗಳತೆಯಲ್ಲಿ ಇದ್ದವನು ಸಾವಕಾರ ಒಬ್ಬನೇ. ಹತ್ತಿರ ಇದ್ದವನ ಬಡ್ಡಿ ಎಷ್ಟಿದ್ದರೂ ರೈತ ಅವನ ಹತ್ತಿರವೇ ಹೋಗಬೇಕು. ಸಾಲವನ್ನು ಊರ ನಡುವೆ ತಂದಿಟ್ಟದ್ದೇ ಸಹಕಾರ ಸಂಘದ ಮೊದಲ ಉಪಕಾರ. ನಮ್ಮ ಸಂಘವೂ 25 ವರ್ಷ ಇದೇ ಕೆಲಸ ಮಾಡಿದೆ. ಬೆಳೆಸಾಲ, ಬೀಜ, ಗೊಬ್ಬರಕ್ಕೆ ಪೇಟೆಗೆ ಎಷ್ಟು ಸಲ ಅಲೆಯುವುದು ತಪ್ಪಿದೆ ಎಂದು ನೀವೇ ಎಣಿಸಿರಿ.

ಬಂಧುಗಳೇ, ಇಷ್ಟು ಹೊತ್ತು ಹೊರಗಿನವರ ತಪ್ಪು ಹೇಳಿದೆ. ಈಗ ನಮ್ಮದೂ ಒಂದು ಹೇಳುತ್ತೇನೆ, ಸಿಟ್ಟಾಗಬೇಡಿರಿ. 2018ರಿಂದ ಗೊಬ್ಬರಕ್ಕೆ ಮಶಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಂದು ಮುಂಗಾರಿಯಲ್ಲಿ ಮಡ್ಡಿ ಮೇಲಿನ ವಸ್ತಿಯಿಂದ ಒಬ್ಬ ಅಜ್ಜಿ ನಾಲ್ಕು ಕಿಲೋಮೀಟರ್ ನಡೆದು ಬಂದರು. ಸರ್ವರ್ ಇರಲಿಲ್ಲ. "ನಾಳೆ ಬಾಯವ್ವಾ" ಅಂದೆವು. ಮರುದಿನ ಬಂದರು, ಗೊಬ್ಬರ ತೀರಿತ್ತು. "ನಾಡದ ಲಾರಿ ಬರತೈತಿ, ಬಾ" ಅಂದೆವು. ಆ ಅಜ್ಜಿ ಜಗಳ ಮಾಡಲಿಲ್ಲ. ಸೆರಗಿನಿಂದ ಮುಖ ಒರಸಿಕೊಂಡು ನನ್ನನ್ನು ಕೇಳಿದರು: "ಯಪ್ಪಾ, ಮಡ್ಡಿ ಎಷ್ಟ ದೂರ ಐತಿ ಅಂತ ನಿನಗ ಗೊತ್ತೈತೇನೋ?" ನನಗೆ ಗೊತ್ತಿತ್ತು, ನಾಲ್ಕು ಕಿಲೋಮೀಟರ್. ಬೈಕಿನಲ್ಲಿ ಹತ್ತು ನಿಮಿಷ. ಅವರ ಕಾಲಿಗೆ ಎಷ್ಟು ಎಂಬುದು ಗೊತ್ತಿರಲಿಲ್ಲ. ಅವತ್ತು ಬೆಂಗಳೂರಿನ ಸೋದರಮಾವ ನಾನೇ ಆಗಿದ್ದೆ, ಜೀಪಿನ ಸಾಹೇಬ ನಾನೇ ಆಗಿದ್ದೆ.

ಆದ್ದರಿಂದ ಬರುವ ವಾರ್ಷಿಕ ಮಹಾಸಭೆಗೆ ಮೂರು ಸೂಚನೆ ಇಡಲಿದ್ದೇನೆ. ಒಂದು, ಬಿತ್ತುವ ಹಂಗಾಮಿನಲ್ಲಿ ವಾರಕ್ಕೆ ಎರಡು ದಿನವಾದರೂ ಸಂಘದ ಬಾಗಿಲು ರಾತ್ರಿ ಎಂಟರ ತನಕ ತೆರೆದಿರಲಿ, ಕೂಲಿ ಬಿಟ್ಟು ಬರುವ ಪ್ರಸಂಗ ತಪ್ಪಲಿ. ಎರಡು, ಗೊಬ್ಬರದ ಲಾರಿ ಬಂದ ದಿನ, ಮಶಿನ್ ನಡೆಯದ ದಿನ ಪ್ರತಿ ವಸ್ತಿಯಲ್ಲಿ ಒಬ್ಬರಿಗಾದರೂ ಫೋನು ಮಾಡಿ ತಿಳಿಸೋಣ. ಮೂರು, ಹೆಬ್ಬೆಟ್ಟು ಇಲ್ಲಿ ಒತ್ತಿದ ಮೇಲೆ ವಸ್ತಿಯವರ ಚೀಲಗಳನ್ನೆಲ್ಲ ಒಂದೇ ಟ್ರ್ಯಾಕ್ಟರಿಗೆ ಹೇರಿ ಕಳಿಸೋಣ. 1,200 ರೂಪಾಯಿ ಬಾಡಿಗೆಗೆ 60 ಚೀಲ ಹೋದರೆ ಚೀಲಕ್ಕೆ 20 ರೂಪಾಯಿ ಬೀಳುತ್ತದೆ. ಖರ್ಚು ಯಾರು ಹೊರಬೇಕು ಎಂಬುದನ್ನು ಸಭೆಯೇ ಠರಾಯಿಸಲಿ. ಊರ ನಡುವೆ ಮನೆ ಇರುವವರು, "ನಮಗ್ಯಾಕ ಬೇಕು ಇದು" ಅನ್ನಬೇಡಿರಿ. ಷೇರು ಅವರದೂ ಅಷ್ಟೇ, ನಮ್ಮದೂ ಅಷ್ಟೇ.

ವೇದಿಕೆಯ ಮೇಲಿರುವ ಅಧಿಕಾರಿಗಳಲ್ಲೂ ಒಂದು ಅರಿಕೆ. ನಮಗಾಗಿ ಸಭೆ, ಶಿಬಿರ, ಗೋದಾಮು ಏನನ್ನೇ ಗೊತ್ತುಪಡಿಸುವ ಮೊದಲು ಮೂರು ಮಾತು ಕೇಳಿರಿ: ಬಸ್ಸು ಎಷ್ಟಕ್ಕೆ? ಮರಳಿ ಬರುವ ಬಸ್ಸು ಎಷ್ಟಕ್ಕೆ? ಮಳೆಗಾಲದಲ್ಲಿ ದಾರಿ ಹೇಗೆ? ಇದಕ್ಕೆ ಉತ್ತರ ಹೇಳಲು ನಮ್ಮ ಊರಿನ ಏಳನೇ ಇಯತ್ತೆಯ ಹುಡುಗನೂ ಸಾಕು. ಕೇಳುವವರು ಮಾತ್ರ ಬೇಕು.

ಬೆಳ್ಳಿಹಬ್ಬ ಕಂಡ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಅವತ್ತು ಮಡ್ಡಿಯ ವಸ್ತಿಯವರು "ಸೊಸಾಯಿಟಿ ನಮಗ ಹತ್ರ ಐತಿ" ಅನ್ನುವ ಹಾಗೆ ಆಗಲಿ ಎಂದು ಯಲ್ಲಮ್ಮ ತಾಯಿಯಲ್ಲಿ ಬೇಡಿಕೊಳ್ಳುತ್ತೇನೆ.

ಜೈ ಜವಾನ್, ಜೈ ಕಿಸಾನ್, ಜೈ ಸಹಕಾರ.