ತಡವಾಗಿ ಒಪ್ಪಿಸಿದ ಹೋಂವರ್ಕ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಕ್ಷಮಿಸಬೇಕು, ನಾನೊಂದು ಹಳೆಯ ಹೋಂವರ್ಕ್ ಒಪ್ಪಿಸಲು ಬಂದಿದ್ದೇನೆ.

ಒಂಬತ್ತನೇ ತರಗತಿಯಲ್ಲಿ ನಾವು ಹುಡುಗರು ಕೆಟ್ಟುಹೋದ ರೇಡಿಯೋ ಸ್ಪೀಕರಿನ ಅಯಸ್ಕಾಂತ ಹಿಡಿದು ಭದ್ರಾ ಹೊಳೆಯ ದಂಡೆಗೆ ಹೋಗುತ್ತಿದ್ದೆವು. ಕುದುರೆಮುಖದ ಅದಿರು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವಂಥದ್ದು. ಮರಳಿನಲ್ಲಿ ಎಳೆದರೆ ಕಪ್ಪು ಪುಡಿ ಮೀಸೆಯ ಹಾಗೆ ನಿಲ್ಲುತ್ತಿತ್ತು. ನಮ್ಮ ವಿಜ್ಞಾನ ಮೇಷ್ಟ್ರು ಅದನ್ನೇ ಕಾಗದದ ಮೇಲೆ ಉದುರಿಸಿ, ಕೆಳಗೆ ಅಯಸ್ಕಾಂತ ಇಟ್ಟು ಮೆಲ್ಲಗೆ ತಟ್ಟಿದರು. ಗೆರೆಗಳು ಮೂಡಿದವು. “ಭೂಮಿಯೂ ಹೀಗೇ ಕಣ್ರೋ. ಈ ಗೆರೆಗಳು ನೆಲಕ್ಕಿಳಿಯುವ ಧ್ರುವಗಳ ಕಡೆ ಆಕಾಶದಲ್ಲಿ ಬೆಳಕು ಕುಣಿಯುತ್ತದೆ. ನಾನು ನೋಡಿಲ್ಲ. ನಿಮ್ಮಲ್ಲಿ ಯಾರಾದರೂ ನೋಡಿದರೆ ಬಂದು ಹೇಳಿ” ಎಂದರು.

ಮರುವರ್ಷ, 2005ರ ಡಿಸೆಂಬರ್ 31ಕ್ಕೆ, ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತಿತು. ಕಾಡಿಗೂ ಹೊಳೆಗೂ ಒಳ್ಳೆಯದೇ ಆಯಿತು. ಆದರೆ ನಮ್ಮಪ್ಪನ ಪುಟ್ಟ ಹೋಟೆಲಿಗೆ ಗಿರಾಕಿಗಳಿಲ್ಲದಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳಿದ್ದಾಗ ನಾನು ಮಂಗಳೂರಿಗೆ ದುಡಿಯಲು ಹೋಗುತ್ತೇನೆಂದು ಶಾಲೆ ಬಿಟ್ಟೆ. ಆರನೆಯ ದಿನ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತರು. ಕಾಫಿ ಕುಡಿದು, “ಫೀಸು ಕಟ್ಟಿ ಆಗಿದೆ, ಪರೀಕ್ಷೆಯೊಂದು ಬರೆಯಲಿ” ಎಂದಷ್ಟೇ ಅಪ್ಪನಿಗೆ ಹೇಳಿ ಹೋದರು. ಆ ಫೀಸು ಕಟ್ಟಿದ್ದು ಅವರೇ ಎಂದು ನನಗೆ ಗೊತ್ತಾಗಿದ್ದು ಬಿ.ಇ. ಮುಗಿದ ಮೇಲೆ.

ಕಳೆದ ಚಳಿಗಾಲ ನಾನು ಅಲಾಸ್ಕಾಕ್ಕೆ ಹೋಗಿದ್ದೆ. ಫೇರ್‌ಬ್ಯಾಂಕ್ಸ್ ಊರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಚೆನಾ ಎಂಬ ಬಿಸಿನೀರಿನ ಬುಗ್ಗೆ ಇದೆ. ಹೊರಗೆ ಮೈನಸ್ 30 ಡಿಗ್ರಿ. ಬಯಲಿನ ಕೊಳದಲ್ಲಿ ಕುತ್ತಿಗೆಯವರೆಗೆ ಬಿಸಿನೀರು, ನಮ್ಮ ಬಚ್ಚಲೊಲೆಯ ಹಂಡೆನೀರಿನಷ್ಟೇ ಹಿತ. ಒದ್ದೆ ಕೂದಲು ಮಾತ್ರ ಹೆಪ್ಪುಗಟ್ಟಿ ಬೆಳ್ಳಗೆ ಕಡ್ಡಿಯಾಗಿತ್ತು.

ರಾತ್ರಿ ಹನ್ನೊಂದರ ಹೊತ್ತಿಗೆ ಗುಡ್ಡದ ಮೇಲೆ ಬಿಳಿಯ ಪಟ್ಟಿಯೊಂದು ಕಂಡಿತು. ಮಲೆನಾಡಿನವನು ನಾನು, ಮಂಜು ಎಂದುಕೊಂಡು ಸುಮ್ಮನಿದ್ದೆ. ಪಕ್ಕದವರ ಫೋನಿನ ಚಿತ್ರದಲ್ಲಿ ಅದು ಹಸಿರಾಗಿತ್ತು! ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯದು. ಕ್ಯಾಮೆರಾ ಕೆಲವು ಸೆಕೆಂಡು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಬೆಳಕು ಜೋರಾಗಿ ಬರಿಗಣ್ಣಿಗೂ ಹಸಿರು ಕಂಡಿತು. ಒಣಹಾಕಿದ ಸೀರೆ ಗಾಳಿಗೆ ಆಡಿದಂತೆ ಆಡಿತು, ಅಂಚು ಗುಲಾಬಿಯಾಯಿತು. ಸದ್ದೇ ಇಲ್ಲ.

ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ, ಅದೇ ಗೆರೆಗಳ ಗುಂಟ ಧ್ರುವಗಳ ಕಡೆ ಇಳಿಯುತ್ತವೆ. ನೂರು ಕಿ.ಮೀ.ಗೂ ಮೇಲೆ ಆಮ್ಲಜನಕಕ್ಕೆ ಬಡಿದರೆ ಹಸಿರು, ಇನ್ನೂ ಎತ್ತರದಲ್ಲಿ ಕೆಂಪು. ಗುಲಾಬಿ ಅಂಚು ಸಾರಜನಕದ್ದು. ಆ ಕಾಂತಕ್ಷೇತ್ರ ಹುಟ್ಟುವುದು ಭೂಮಿಯ ಒಡಲಲ್ಲಿ ಕರಗಿ ಹರಿಯುವ ಕಬ್ಬಿಣದಿಂದ. ಕಬ್ಬಿಣದ ಊರಿನ ಹುಡುಗ ನಾನು, ಬಿಸಿನೀರಿನಲ್ಲಿ ಕೂತು ಅತ್ತುಬಿಟ್ಟೆ.

ಮಕ್ಕಳೇ, ಇದೆಲ್ಲ ಅಮೆರಿಕದ್ದು ಎಂದುಕೊಳ್ಳಬೇಡಿ. ಬಿಸಿನೀರಿನ ಬುಗ್ಗೆ ಪುತ್ತೂರು ಬಳಿಯ ಬೆಂದ್ರ್ ತೀರ್ಥದಲ್ಲೂ ಇದೆ. 2024ರ ಮೇ 10–11ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಕೆಂಪು ಧ್ರುವಪ್ರಭೆ ಸೆರೆಯಾಯಿತು. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಸರ್, ನೀವು ಮೊದಲ ಸಾಲಿನಲ್ಲಿ ಕೂತಿದ್ದೀರಿ. ಇಪ್ಪತ್ತು ವರ್ಷ ತಡವಾಯಿತು. ನೋಡಿದೆ ಸರ್. ನೀವು ಕಾಗದದ ಮೇಲೆ ತೋರಿಸಿದ್ದು ನಿಜ.

ಕೊನೆಯದಾಗಿ ಒಂದು ಮಾತು. ಈ ವರ್ಷ ಶಾಲೆ ಬಿಡುವ ಯೋಚನೆಯಲ್ಲಿರುವವರು ಯಾರಾದರೂ ಇದ್ದರೆ, ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಫೀಸು ಕಟ್ಟಲು ನಮ್ಮ ಬ್ಯಾಚಿನವರಿದ್ದೇವೆ. ನೀವು ಪರೀಕ್ಷೆಯೊಂದು ಬರೆಯಿರಿ.